ಜಮೈಕಾಕ್ಕೆ ಹೋದ ರೊಟ್ಟಿ

ಜಮೈಕಾ
೨ ನವೆಂಬರ್ ೨೦೨೫

ವೈನಿಯವರಿಗೆ,

ನಾನು ಬದುಕಿದ್ದೇನೆ. ಇದನ್ನು ಮೊದಲು ಅವ್ವನಿಗೆ ಹೇಳಿ ಬನ್ನಿ, ಆಮೇಲೆ ಮುಂದೆ ಓದಿ.

ಫೋನಿನ ಟವರುಗಳೆಲ್ಲ ನೆಲ ಹಿಡಿದಿವೆ. ಆಸ್ಪತ್ರೆಯ ಆಫೀಸಿನಲ್ಲಿ ಉಪಗ್ರಹದ ಇಂಟರ್ನೆಟ್ ಒಂದಿದೆ, ಪಾಳಿ ಹಚ್ಚಿ ನಮಗೆಲ್ಲ ಐದೈದು ನಿಮಿಷ ಕೊಡುತ್ತಾರೆ. ಅಷ್ಟರಲ್ಲಿ ಮಾತು ಹತ್ತುವುದಿಲ್ಲ. ಅದಕ್ಕೇ ಮೊದಲೇ ಬರೆದಿಟ್ಟುಕೊಂಡು ಕಳಿಸುತ್ತಿದ್ದೇನೆ. ನೀವೂ ಹೀಗೇ ಬರೆಯಿರಿ, ಪಾಳಿ ಬಂದಾಗ ಓದುತ್ತೇನೆ.

ಚಂಡಮಾರುತ ಬಂದದ್ದು ಮಂಗಳವಾರ. ನಮ್ಮ ಆಸ್ಪತ್ರೆಯ ಹೆಂಗಸರ ವಾರ್ಡಿನ ಮಾಡು ಹಾರಿಹೋಯಿತು. ರೋಗಿಗಳನ್ನು ಹೊತ್ತು ಪಕ್ಕದ ಚರ್ಚಿಗೆ ಸಾಗಿಸಿದೆವು. ನಾನಿರುವ ಮನೆಗೆ ಗೋಡೆ ಉಳಿದಿವೆ, ಮೇಲೆ ಆಕಾಶ. ಮನೆಯೊಡತಿ ಮಿಸ್ ಪರ್ಲ್ ಮತ್ತು ನಾನು ಊಟದ ಮೇಜಿನ ಕೆಳಗೆ ಕೂತು ಆ ರಾತ್ರಿ ಕಳೆದೆವು. ಆಕೆ ತನ್ನ ದೇವರನ್ನು ಕರೆದಳು, ನಾನು ನಮ್ಮವನನ್ನು. ಇಬ್ಬರಲ್ಲಿ ಯಾರಿಗೆ ಕೇಳಿಸಿತೋ, ಉಳಿದೆವು.

ಊಟದ ಚಿಂತೆ ಬೇಡ. ಡಬ್ಬಿ ಮೀನು ಹಂಚುತ್ತಿದ್ದಾರೆ, ಅದು ನನ್ನ ಬಾಯಿಗೆ ಹತ್ತುವುದಲ್ಲ. ಬಿಸ್ಕೀಟಿನ ಮೇಲೆ ನಡೆದಿದೆ. ಅಣ್ಣನಿಗೆ ನಮಸ್ಕಾರ ಹೇಳಿ.

ನೀತಾ


ಪುಣೆ
೫ ನವೆಂಬರ್

ಚಿರಂಜೀವಿ ನೀತಾ,

ನಿನ್ನ ಕಾಗದ ಬಂದಾಗ ನಾನು ಮಾರ್ಕೆಟ್ ಯಾರ್ಡಿನ ಅಂಗಡಿಯಲ್ಲಿದ್ದೆ. ನಿಮ್ಮಣ್ಣ ಜೋಳದ ಚೀಲದ ಮೇಲೆ ಕೂತು ಹೆಂಗಸರ ಹಾಗೆ ಅತ್ತುಬಿಟ್ಟರು. ಗಿರಾಕಿಗಳು ದರ ಬಿದ್ದಿದೆ ಎಂದುಕೊಂಡರು.

ಅತ್ತೆಯವರು ನಾಲ್ಕು ದಿನ ನೀರು ಬಿಟ್ಟರೆ ಏನೂ ಮುಟ್ಟಿರಲಿಲ್ಲ. ಯಾರೋ ಪುಣ್ಯಾತ್ಮರು ಒಂದು ವಿಡಿಯೊ ಕಳಿಸಿದ್ದರು, ನಿಮ್ಮೂರ ಹೋಟೆಲಿನ ಈಜುಕೊಳದಲ್ಲಿ ದೊಡ್ಡ ದೊಡ್ಡ ಮೀನು ಮನುಷ್ಯರನ್ನು ಅಟ್ಟಿಸಿಕೊಂಡು ಹೋಗುವುದು. ಆಮೇಲೆ ಪಕ್ಕದ ಮನೆಯ ಸಾಯಲಿ ಅದು ಕಂಪ್ಯೂಟರಿನಲ್ಲಿ ಮಾಡಿದ ಸುಳ್ಳು ಚಿತ್ರ ಎಂದು ತಿಳಿಸಿ ಹೇಳಿದಳು. ಅತ್ತೆ ನಂಬಲಿಲ್ಲ. ಇಲ್ಲಿಯ ಮಂದಿಯ ಪರಿಯನ್ನು ಏನು ಹೇಳಲಿ. ಚಂಡಮಾರುತದ ಸುದ್ದಿ ಒಂದು ದಿನ ಟೀವಿಯಲ್ಲಿ ಬಂತು, ಮರುದಿನ ಮಾಯವಾಯಿತು. ‘ಅದು ಕ್ರಿಕೆಟ್‌ನವರ ದೇಶ ಅಲ್ಲೇನ್ರಿ’ ಎಂದು ಕೇಳುವವರೇ ಎಲ್ಲರೂ. ವಾಟ್ಸಾಪ್ ಗುಂಪಿನಲ್ಲಿ ಕೈ ಮುಗಿಯುವ ಚಿತ್ರ ಹಾಕಿದರೆ ಅವರ ಕರ್ತವ್ಯ ಮುಗಿಯಿತು.

ಆದರೆ ನಮ್ಮ ಬಸವ ಬಳಗ ಸುಮ್ಮನೆ ಕೂಡಲಿಲ್ಲ. ನಮ್ಮವಳೇ ಅಲ್ಲಿ ಸಿಕ್ಕಿಕೊಂಡಿದ್ದಾಳಲ್ಲ! ನಿನ್ನೆ ಸಂಜೆ ಸಭೆ ಕರೆದರು. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸುವ ಮಂದಿ. ಏನು ಮಾಡುವುದೆಂದು ಗೊತ್ತಾಗುವ ಮೊದಲೇ ನರ್ಸಿನ ಡ್ರೆಸ್ಸಿನಲ್ಲಿರುವ ನಿನ್ನ ಫೋಟೊ ಹಾಕಿ ಬ್ಯಾನರು ಮಾಡಿಸಿದ್ದರು. ರೊಕ್ಕ ಕಳಿಸೋಣ ಎಂದು ಒಬ್ಬರು, ಹಳೆ ಬಟ್ಟೆ ಎಂದು ಇನ್ನೊಬ್ಬರು. ಆಗ ಅತ್ತೆ ಎದ್ದು ನಿಂತರು. ಸಭೆಯಲ್ಲಿ ಎಂದೂ ಬಾಯಿ ತೆರೆಯದವರು.

‘ರೊಕ್ಕ ತಿನ್ನಾಕ ಬರ್ತದೇನು? ಆಕಿ ಬಿಸ್ಕೀಟ್ ತಿಂದು ಕುಂತಾಳ. ರೊಟ್ಟಿ ಬಡಿಯೂಣು.’

ಅಷ್ಟೇ. ಕೃಷ್ಣೆ ಉಕ್ಕಿ ನಿಮ್ಮ ಹಳ್ಳಿ ಮುಳುಗಿದ ವರ್ಷ ಯಾವ ಊರಿನವರೋ ಲಾರಿಗಟ್ಟಲೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸಿದ್ದರು, ಶಾಲೆಯ ಪಡಸಾಲೆಯಲ್ಲಿ ಕೂತು ಅತ್ತೆ ಅದನ್ನೇ ತಿಂದು ಉಳಿದರು. ಅಂದಿನಿಂದ ಎಲ್ಲಿ ನೆರೆ ಬಂದರೂ ಇವರ ಹಂಚು ಒಲೆಗೇರುತ್ತದೆ. ಮಗರಪಟ್ಟಾದಲ್ಲಿ ಹೋಟೆಲಿಟ್ಟಿರುವ ಸದಾನಂದ ಶೆಟ್ಟರಂತೂ, ‘ನೀವು ರೊಟ್ಟಿ ಮಾಡಿ ಮಾರಾಯ್ರೆ, ಮುಟ್ಟಿಸುವ ಜವಾಬ್ದಾರಿ ನನ್ನದು’ ಎಂದರು. ಅವರ ಅಳಿಯ ಮುಂಬಯಿಯಲ್ಲಿ ವಿಮಾನದ ಸರಕು ಕಳಿಸುವ ಕಂಪನಿಯಲ್ಲಿದ್ದಾನೆ. ಪರಿಹಾರದ ಸಾಮಾನಿಗೆ ಬಾಡಿಗೆ ಇಲ್ಲವಂತೆ. ನಿನ್ನ ಹೆಸರಿಗೇ ಬರುತ್ತದೆ. ಮಾಡಬಹುದಲ್ಲವೇ?

ನಿನ್ನ ವೈನಿ,
ಕಸ್ತೂರಿ


ಜಮೈಕಾ
೯ ನವೆಂಬರ್

ವೈನಿ,

ನಿಮ್ಮ ಕಾಗದ ಓದಿ ನಗುವೂ ಬಂತು, ಕಣ್ಣೀರೂ ಬಂತು. ಅವ್ವ ಸಭೆಯಲ್ಲಿ ಎದ್ದು ನಿಂತದ್ದನ್ನು ನಾನು ನೋಡಬೇಕಿತ್ತು. ಮೀನಿನ ಕಥೆ ಸುಳ್ಳೆಂದು ಮತ್ತೊಮ್ಮೆ ಹೇಳಿ. ಇಲ್ಲಿ ಮಾಡಿನ ಮೇಲೆ ಒಂದು ಮೇಕೆ ಕಂಡೆ, ಅದು ನಿಜ.

ರೊಟ್ಟಿಯ ವಿಚಾರ. ಅವ್ವನಿಗೆ ಈ ವಯಸ್ಸಿನಲ್ಲಿ ಸುಮ್ಮನೆ ತ್ರಾಸು ಯಾಕೆ? ಇಲ್ಲಿ ಹೇಗೋ ನಡೆದಿದೆ. ರೊಟ್ಟಿ ಎಂದರೆ ನನಗೆ ಬೇಡವೇ, ಆದರೆ ಅಷ್ಟು ದೂರ, ನಿಮಗೆಲ್ಲ ಅಷ್ಟು ಕೆಲಸ, ಬೇಡ ಅನಿಸುತ್ತದೆ. ಇಲ್ಲಿಯವರಿಗೆ ಜೋಳದ ರುಚಿ ಗೊತ್ತಿಲ್ಲ. ಏನಾದರೂ ಕಳಿಸಲೇಬೇಕು ಎಂದು ಬಳಗದವರಿಗೆ ಅನಿಸಿದರೆ ಮೇಲೆ ಹೊದಿಸುವ ತಾಡಪತ್ರಿ ಆದೀತು, ಮಾಡು ಹಾರಿಹೋದ ಮನೆಗಳೇ ಜಾಸ್ತಿ. ಅದೂ ಆದರೆ ಮಾತ್ರ.

ಪರದೇಶಗಳಿಂದ ಸಾಮಾನು ಬರುತ್ತಿದೆ. ಮೊನ್ನೆ ಒಂದು ಪೆಟ್ಟಿಗೆ ಬಿಚ್ಚಿದರೆ ತುಂಬ ಉಣ್ಣೆಯ ಕೋಟುಗಳು. ಇಲ್ಲಿ ಬೆವರು ಒರೆಸಿಕೊಳ್ಳುವುದೇ ಒಂದು ಕೆಲಸ. ನರ್ಸುಗಳೆಲ್ಲ ಒಂದೊಂದು ಹಾಕಿಕೊಂಡು ಮೆರವಣಿಗೆ ಮಾಡಿ ನಕ್ಕೆವು. ಕಳಿಸಿದವರು ಎಷ್ಟು ಪ್ರೀತಿಯಿಂದ ಮಡಚಿಟ್ಟಿದ್ದರೋ, ಪಾಪ. ನಾನೂ ಎಲ್ಲರಿಗಿಂತ ಜೋರಾಗಿ ನಕ್ಕೆ.

ನೀತಾ


ಪುಣೆ
೧೭ ನವೆಂಬರ್

ನೀತಾ,

ಹೊರಟಿತು! ನಿನ್ನೆ ಲಾರಿಗೆ ಕಾಯಿ ಒಡೆದು, ಕುಂಕುಮ ಹಚ್ಚಿ, ಮುಂಬಯಿಗೆ ಬೀಳ್ಕೊಟ್ಟೆವು.

ನಿನ್ನ ಕಾಗದ ಓದಿ ಹೇಳಿದಾಗ ಅತ್ತೆ ನಕ್ಕುಬಿಟ್ಟರು. ಪರದೇಶಕ್ಕೆ ಹೋದರೂ ಮಗಳ ಸಂಕೋಚ ಹೋಗಿಲ್ಲ ಎಂದರು. ನಾವು ಪಂಕ್ತಿಯಲ್ಲಿ ಬೆಳೆದವರು. ಬೇಡ ಬೇಡ ಎಂದು ತಾಟಿನ ಮೇಲೆ ಕೈ ಅಡ್ಡ ಹಿಡಿದರೆ ಬೆರಳ ಸಂದಿನಲ್ಲಿ ನೀಡುವ ಮಂದಿ. ನೀನು ‘ಬೇಡ ಅನಿಸುತ್ತದೆ’ ಎಂದು ಬರೆದೆಯಲ್ಲ, ಅದನ್ನು ಓದಿದ ಮೇಲೆ ಅತ್ತೆ ಇನ್ನೊಂದು ಚೀಲ ಜೋಳ ಬೀಸಲು ಕಳಿಸಿದರು.

ನಮ್ಮ ಸೊಸೈಟಿಯ ಕಟ್ಟಡದ ಗಚ್ಚಿಯ ಮೇಲೆ ಸಾಲಾಗಿ ಒಲೆ ಹೂಡಿದ್ದೆವು. ವಾಕಡದಿಂದ ಬಸ್ಸು ಹತ್ತಿ ಬಂದವರಿದ್ದರು. ಸಾಯಲಿ ಕೂಡ ಬಡಿಯಲು ಕೂತಳು, ಅವಳ ರೊಟ್ಟಿ ಮಹಾರಾಷ್ಟ್ರದ ನಕಾಶೆಯ ಹಾಗೆ ಬಂತು. ಅತ್ತೆ ಮಾತ್ರ ಹಂಚು ಬಿಟ್ಟು ಏಳಲಿಲ್ಲ. ಮಣಿಕಟ್ಟು ಸ್ವಲ್ಪ ನೋಯುತ್ತದೆ ಎನ್ನುತ್ತಾರೆ, ಎಣ್ಣೆ ಹಚ್ಚಿದ್ದೇನೆ, ಏನಿಲ್ಲ.

ತಾಡಪತ್ರಿಯ ಮಾತನ್ನು ನಿಮ್ಮಣ್ಣ ಒಮ್ಮೆ ಎತ್ತಿದರು. ಯಾರಿಗೂ ಹುರುಪು ಬರಲಿಲ್ಲ. ತಾಡಪತ್ರಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡರೆ ಏನು ಚಂದ, ನೀನೇ ಹೇಳು. ಪೆಟ್ಟಿಗೆಗಳನ್ನು ನೋಡಿದರೆ ನಿನಗೆ ಖುಷಿಯಾಗುತ್ತದೆ. ಯಾಕೆಂದು ಈಗ ಹೇಳುವುದಿಲ್ಲ.

ಕಸ್ತೂರಿ


ಜಮೈಕಾ
೩೦ ನವೆಂಬರ್

ವೈನಿ,

ರೊಟ್ಟಿ ಮುಟ್ಟಿದವು. ಚರ್ಚಿನಲ್ಲಿ ಹಂಚಿದೆವು. ಎಲ್ಲರೂ ತಿಂದರು. ಮಕ್ಕಳಿಗೆ ಶೇಂಗಾ ಚಟ್ನಿ ಇಷ್ಟವಾಯಿತು. ಅವ್ವನಿಗೆ ಮತ್ತು ಬಳಗದ ಎಲ್ಲರಿಗೆ ನನ್ನ ನಮಸ್ಕಾರ ತಿಳಿಸಿ. ಇನ್ನು ಸಾಕು, ಇಲ್ಲಿ ಪರಿಸ್ಥಿತಿ ಸುಧಾರಿಸುತ್ತಿದೆ.

ಫೋನು ಇನ್ನೂ ಸರಿಯಾಗಿಲ್ಲ. ಕೆಲಸ ಬಹಳ ಇದೆ.

ನೀತಾ


ಪುಣೆ
೯ ಡಿಸೆಂಬರ್

ನೀತಾ,

ಈ ಕಾಗದವನ್ನು ಅತ್ತೆಯವರಿಗೆ ಓದಿ ಹೇಳುವುದಿಲ್ಲ. ಇದು ನಿನಗೆ, ನನಗೆ.

ನಿನ್ನ ಕಾಗದ ಬರುವುದಕ್ಕೆ ಎರಡು ದಿನ ಮೊದಲು ಸದಾನಂದ ಶೆಟ್ಟರು ಅಂಗಡಿಗೆ ಬಂದಿದ್ದರು. ಅಳಿಯನ ಕಂಪನಿಗೆ ಅಲ್ಲಿಂದ ಬಂದ ಸುದ್ದಿ. ಮನೆಯಲ್ಲಿ ಮಾಡಿದ ತಿನಿಸು, ಸರಿಯಾದ ಕಾಗದಪತ್ರವಿಲ್ಲ, ಪಡೆಯಬೇಕಾದವರು ತಮ್ಮದೆಂದು ಒಪ್ಪಲಿಲ್ಲ, ಆದ್ದರಿಂದ ನಾಶ ಮಾಡಲಾಗಿದೆ. ಶೆಟ್ಟರಿಗೆ ಮುಖ ಎತ್ತಲಾಗಲಿಲ್ಲ. ‘ತಪ್ಪು ನನ್ನದು ಅಕ್ಕ, ಕೇಳಿ ಕಳಿಸಬೇಕಿತ್ತು’ ಎಂದರು. ಇಬ್ಬರಲ್ಲೇ ಇಟ್ಟುಕೊಳ್ಳೋಣ ಎಂದು ನಾನೇ ಹೇಳಿದೆ.

ಎರಡು ದಿನ ಬಿಟ್ಟು ನಿನ್ನ ಕಾಗದ ಬಂತು. ಮಕ್ಕಳಿಗೆ ಶೇಂಗಾ ಚಟ್ನಿ ಇಷ್ಟವಾಯಿತು ಎಂದು. ಅತ್ತೆ ಎದುರಿಗೇ ಕೂತಿದ್ದರು. ‘ಏನಂತಾಳ?’ ಎಂದರು. ಓದಿಬಿಟ್ಟೆ, ನೀತಾ. ಸುಳ್ಳೆಂದು ಗೊತ್ತಿದ್ದೂ ಒಂದಕ್ಷರ ಬಿಡದೆ ಓದಿದೆ. ಅವರು ಸೆರಗಿನಿಂದ ಕಣ್ಣು ಒರೆಸಿಕೊಂಡು ದೇವರ ಮುಂದೆ ದೀಪ ಹಚ್ಚಿದರು. ಭಾನುವಾರ ಬಳಗದ ಸಭೆಯಲ್ಲೂ ನನ್ನಿಂದಲೇ ಓದಿಸಿದರು. ಚಪ್ಪಾಳೆ. ನನಗೆ ಶಾಲು ಹೊದಿಸಿದರು. ಬೇಡ ಎಂದೆ. ನಾನು ಬೇಡ ಎಂದದ್ದಕ್ಕೆ ಜೊತೆಗೊಂದು ಹಾರವನ್ನೂ ಹಾಕಿದರು.

ನಿನ್ನ ಮೇಲೆ ನನಗೆ ಸಿಟ್ಟಿದೆ. ಫೋನು ಸರಿಯಿಲ್ಲ ಎಂದು ಬರೆದೆ, ಅದೇ ಸಂಜೆ ನನ್ನ ಫೋನಿನಲ್ಲಿ ನಿನ್ನ ಹೆಸರಿನ ಪಕ್ಕ ಆನ್‌ಲೈನ್ ಎಂಬ ಹಸಿರು ಚುಕ್ಕೆ ಕಂಡಿತು. ಆದರೆ ಸಿಟ್ಟು ಮಾಡಲು ನನಗೆ ಮುಖವಿಲ್ಲ. ನಿನ್ನ ಮೊದಲ ‘ಬೇಡ’ ನಿಜವಾದ ಬೇಡವೆಂದು ನನಗೆ ಓದುವಾಗಲೇ ಅನಿಸಿತ್ತು. ಗಚ್ಚಿಯ ಮೇಲೆ ಎಲ್ಲರೂ ನಗುತ್ತಾ ಕೂತಿದ್ದರು, ಒಲೆ ಹೊತ್ತಿತ್ತು. ನಿಲ್ಲಿಸಿರಿ ಎಂದು ಹೇಳಲು ಮನಸ್ಸಾಗಲಿಲ್ಲ.

ಇನ್ನೊಂದನ್ನು ಮುಚ್ಚಿಟ್ಟಿದ್ದೆ. ಅತ್ತೆಯ ಮಣಿಕಟ್ಟಿನ ಎಲುಬು ಸೀಳಿದೆ. ಅತಿಯಾಗಿ ಬಡಿದದ್ದಕ್ಕೇ ಎಂದರು ಡಾಕ್ಟರು. ಪ್ಲಾಸ್ಟರು ಹಾಕಿದ್ದಾರೆ. ಆದರೂ ಎಡಗೈಯಲ್ಲಿ ಬಡಿಯುತ್ತಿದ್ದಾರೆ, ಯಾಕೆಂದರೆ ಎರಡನೆಯ ಲಾರಿ ಬರುವ ಭಾನುವಾರ ಹೊರಡುತ್ತದೆ. ಮಕ್ಕಳಿಗೆ ಇಷ್ಟವಾಯಿತು ಎಂದ ಮೇಲೆ ಬಿಡುವುದುಂಟೇ? ಈ ಸಲ ಚಟ್ನಿ ಜಾಸ್ತಿ. ಹೀಗೇ ನಡೆದರೆ ಆ ಕೈ ಮುಂದೆ ತುತ್ತು ಎತ್ತಲಿಕ್ಕೂ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು? ನಾನು ಹೇಳಿದರೆ ಅವರ ಕೈ ಉಳಿಸಲೆಂದು ಸುಳ್ಳು ಹೇಳುತ್ತಿದ್ದೇನೆ ಎನ್ನುತ್ತಾರೆ. ನಿನ್ನ ಮಾತನ್ನು ಮಾತ್ರ ನಂಬುತ್ತಾರೆ. ಭಾನುವಾರಕ್ಕೆ ಮೊದಲು ಅವರಿಗೇ ಬರೆ. ನಿಜ ಬರೆ. ನಾನು ಓದಿ ಹೇಳುತ್ತೇನೆ.

ಕಸ್ತೂರಿ


ಜಮೈಕಾ
೧೧ ಡಿಸೆಂಬರ್

ಅವ್ವಾ,

ವೈನಿ ಇದನ್ನು ನಿನಗೆ ಓದಿ ಹೇಳುತ್ತಾರೆ. ಹಂಚಿನ ಮುಂದೆ ಕೂತಿದ್ದರೆ ಒಲೆ ಆರಿಸಿ ಕೇಳು.

ನೀನು ಮಾಡಿದ ರೊಟ್ಟಿ ಇಲ್ಲಿ ಯಾರೂ ತಿನ್ನಲಿಲ್ಲ. ಎಲ್ಲರೂ ತಿಂದರು ಎಂದು ನಾನು ಬರೆದದ್ದು ಸುಳ್ಳು.

ನನ್ನ ಹೆಸರಿಗೆ ಪೆಟ್ಟಿಗೆ ಬಂದಿವೆ ಎಂದು ವಿಮಾನ ನಿಲ್ದಾಣದ ಗೋದಾಮಿನಿಂದ ಕರೆ ಬಂತು. ವಾರ್ಡಿನ ಪಾಳಿಯನ್ನು ಬೇರೆಯವಳಿಗೆ ಒಪ್ಪಿಸಿ, ಆಸ್ಪತ್ರೆಯ ವ್ಯಾನಿನಲ್ಲಿ ಹೋದೆ. ಗೋದಾಮಿನ ಮುಂದೆ ಉದ್ದನೆಯ ಸಾಲು. ನನ್ನ ಹಿಂದೆ ನಿಂತವನು ಸಕ್ಕರೆ ರೋಗದ ಔಷಧ ಬಿಡಿಸಿಕೊಳ್ಳಲು ಬಂದಿದ್ದ. ತಂಪಿನಲ್ಲಿಡಬೇಕಾದ ಔಷಧ. ನನ್ನ ಪೆಟ್ಟಿಗೆಗಳ ವಿಚಾರಣೆ ಮುಗಿಯುವತನಕ ಅವನು ಗಡಿಯಾರ ನೋಡುತ್ತಾ ನಿಂತಿದ್ದ.

ಅಧಿಕಾರಿ ಹೆಂಗಸು, ದಪ್ಪನೆಯವಳು, ಒಳ್ಳೆಯ ಮನಸ್ಸಿನವಳು. ಪೆಟ್ಟಿಗೆಗಳನ್ನು ಸಾಲಾಗಿ ಇಡಿಸಿದಳು. ಎಲ್ಲ ಪೆಟ್ಟಿಗೆಯ ಮೇಲೂ ನನ್ನ ಫೋಟೊ ಅಂಟಿಸಿದ್ದರಲ್ಲ, ಅಷ್ಟೂ ಮುಖಗಳು ನನ್ನನ್ನೇ ನೋಡಿ ನಗುತ್ತಿದ್ದವು. ಒಂದನ್ನು ಬಿಚ್ಚಿದಳು. ದಾರಿಯಲ್ಲಿ ಎಲ್ಲೋ ಮಳೆ ತಾಗಿತ್ತು. ಮೇಲಿನ ರೊಟ್ಟಿಗಳಿಗೆ ಬೂಸಲು ಬಂದಿತ್ತು, ನಡುವಿನವು ಚೂರಾಗಿದ್ದವು, ತಳದಲ್ಲಿ ಕೆಲವು ಇಡಿಯಾಗಿ ಉಳಿದಿದ್ದವು. ಆಕೆ ಒಂದನ್ನು ಎತ್ತಿ ಹಿಡಿದು ಇದೇನು ಎಂದು ಕೇಳಿದಳು. ಸಾಲಿನಲ್ಲಿ ಯಾರೋ, ಕೊನೆಗೂ ನಮಗೆ ಮಾಡಿಗೆ ಹೊದಿಸಲು ಹೆಂಚು ಕಳಿಸಿದ್ದಾರೆ ಎಂದರು. ಎಲ್ಲರೂ ನಕ್ಕರು. ಮನೆ ಕಳೆದುಕೊಂಡವರು, ಎಷ್ಟೋ ದಿನಕ್ಕೆ ನಕ್ಕಿದ್ದರು ಅನಿಸುತ್ತದೆ.

ನಾನೂ ನಕ್ಕೆ, ಅವ್ವಾ.

ಇವು ನಿನ್ನವೇ ಎಂದು ಅಧಿಕಾರಿ ಕೇಳಿದಳು. ಅಲ್ಲ ಎಂದೆ. ಯಾರು ಕಳಿಸಿದ್ದಾರೋ ನನಗೆ ಗೊತ್ತಿಲ್ಲ ಎಂದೆ. ಆಕೆ ಪೆಟ್ಟಿಗೆಯ ಮೇಲಿನ ಫೋಟೊ ನೋಡಿದಳು, ನನ್ನನ್ನು ನೋಡಿದಳು. ಒಂದು ಕಾಗದ ಮುಂದೆ ಸರಿಸಿದಳು. ನಾಶ ಮಾಡಬಹುದು ಎಂಬುದಕ್ಕೆ ಸಹಿ ಹಾಕಿದೆ.

ಕಾನೂನಿನ ಪ್ರಕಾರ ಅವು ಹೇಗೂ ಒಳಗೆ ಬರುವಂತಿರಲಿಲ್ಲವೇನೋ. ಅದು ನನಗೆ ನೆಪವಾಗುವುದಿಲ್ಲ. ನನ್ನ ಅವ್ವ ಮಾಡಿದ್ದು ಎಂದು ಹೇಳಿ ಸಹಿ ಹಾಕಬಹುದಿತ್ತು.

ಇನ್ನು ಬಡಿಯಬೇಡ. ಇದು ಸಂಕೋಚದ ಬೇಡ ಅಲ್ಲ. ನಿನ್ನ ಕೈಯ ಸುದ್ದಿ ತಿಳಿದಾಗಿನಿಂದ ನನಗೆ ನಿದ್ದೆ ಇಲ್ಲ. ನಾನು ಮೊದಲೇ ಗಟ್ಟಿಯಾಗಿ ಒಂದು ಮಾತು ಹೇಳಿದ್ದರೆ ನಿನ್ನ ಎಲುಬು ಉಳಿಯುತ್ತಿತ್ತು. ಕೆಟ್ಟವಳಾಗಲು ಹೆದರಿ ಇಷ್ಟು ಕೆಟ್ಟದ್ದು ಮಾಡಿದೆ.

ನೀತಾ


ಪುಣೆ
೧೪ ಡಿಸೆಂಬರ್

ನೀತಾ,

ಲಾರಿ ಹೊರಡಲಿಲ್ಲ.

ನಿನ್ನೆ ಮಧ್ಯಾಹ್ನ ಓದಿ ಹೇಳಿದೆ. ಒಲೆ ಆರಿಸು ಎಂದು ಬರೆದಿದ್ದೆಯಲ್ಲ, ಆರಿಸಿಯೇ ಕೇಳಿದರು. ನೀನು ‘ಅಲ್ಲ’ ಎಂದ ಕಡೆ ಬಂದಾಗ ಕೈ ಎತ್ತಿ ನಿಲ್ಲಿಸಿದರು, ಅಷ್ಟನ್ನು ಮತ್ತೊಮ್ಮೆ ಓದಿಸಿದರು. ಮುಗಿದ ಮೇಲೆ ನನಗೂ ಮೊದಲೇ ಗೊತ್ತಿತ್ತು ಎಂದು ಹೇಳಿಬಿಟ್ಟೆ. ಅವರು ಎಡಗೈಯಲ್ಲಿ ಹಂಚು ಕೆಳಗಿಳಿಸಿದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಸಂಜೆ ಬಡಿಯಲು ಬಂದ ಹೆಂಗಸರಿಗೆ ತಾವೇ ಹೇಳಿದರು. ಅಲ್ಲಿಯ ಮಂದಿಗೆ ಬೇಕಾದದ್ದು ತಲೆಯ ಮೇಲಿನದು, ಹೊಟ್ಟೆಯದಲ್ಲ, ನಾವು ಕೇಳಲಿಲ್ಲ ಎಂದರು. ನಿನ್ನ ಹೆಸರು ತೆಗೆಯಲಿಲ್ಲ. ಮಾಡಿಟ್ಟ ರೊಟ್ಟಿಯನ್ನು ನಿಮ್ಮಣ್ಣ ಟೆಂಪೋದಲ್ಲಿ ಸ್ವಾರಗೇಟ ಬಸ್ ನಿಲ್ದಾಣಕ್ಕೆ ಒಯ್ದರು. ವಿಜಯಪುರದ ಬಸ್ಸಿಗೆ ಕಾಯುವ ಕೂಲಿಯವರು ಒಂದು ಗಳಿಗೆಯಲ್ಲಿ ಖಾಲಿ ಮಾಡಿದರಂತೆ. ತಾಡಪತ್ರಿ ಹೇಗೆ ಕಳಿಸಬೇಕು, ಯಾರ ಮೂಲಕ ಕಳಿಸಬೇಕು ಎಂದು ಶೆಟ್ಟರು ಈ ಸಲ ಮೊದಲು ಕೇಳುತ್ತಿದ್ದಾರೆ. ಬಳಗದ ಸಭೆಯಲ್ಲಿ ನಾನಿನ್ನೂ ಬಾಯಿ ಬಿಟ್ಟಿಲ್ಲ. ಶಾಲು ಕಪಾಟಿನಲ್ಲಿದೆ, ನೋಡಿದಾಗಲೆಲ್ಲ ಮೈ ಮೇಲೆ ಹುಳ ಹರಿದ ಹಾಗಾಗುತ್ತದೆ.

ರಾತ್ರಿ ಅತ್ತೆಗೆ ನಾನೇ ತುತ್ತು ಮಾಡಿ ಉಣ್ಣಿಸುತ್ತಿದ್ದೆ. ನಡುವೆ ನನ್ನ ಕೈ ತಡೆದರು. ಆಮೇಲೆ ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ.

‘ನನ್ನವಲ್ಲ ಅಂದಳು, ಅನ್ನಲಿ. ನಾಲ್ಕು ಮಂದಿ ನಗೂ ಮುಂದ ನಾನೂ ಹಂಗ ಅಂತಿದ್ದೆ ಏನೋ. ಊರ ಮಂದಿ ತಿನ್ನಲಿಲ್ಲಂದ್ರೂ ನಡೀತದ. ನಾ ಬಡದದ್ದು ಊರ ಮಂದಿಗಲ್ಲ. ತಳದಾಗ ಇಡಿ ರೊಟ್ಟಿ ಇದ್ದವು ಅಂತಾಳಲ್ಲ, ಆಕಿ ಒಂದು ಮುರುಕರ ಬಾಯಾಗ ಹಾಕ್ಕೊಂಡಳೇನು? ಅಷ್ಟ ಕೇಳು.’

ಕಾಗದದಲ್ಲಿ ಅದಿರಲಿಲ್ಲ. ನನಗೆ ಗೊತ್ತಿಲ್ಲ ಎಂದೆ. ಬೆಳಿಗ್ಗೆಯಿಂದ ಎರಡು ಸಲ ಉತ್ತರ ಬಂತೇ ಎಂದು ಕೇಳಿದ್ದಾರೆ. ಏನು ಹೇಳಲಿ?

ಕಸ್ತೂರಿ


ಜಮೈಕಾ
೧೫ ಡಿಸೆಂಬರ್

ವೈನಿ,

ಅವ್ವನ ಕಾಗದದಲ್ಲಿ ಒಂದು ಮಾತು ಬಿಟ್ಟಿದ್ದೆ. ಅವಳು ಅದನ್ನೇ ಹಿಡಿದಳು.

ಸಹಿಗೆ ಕಾಗದ ಕೊಡುವ ಮೊದಲು ಆ ಅಧಿಕಾರಿ ತಳದಿಂದ ಒಂದು ಒಳ್ಳೆಯ ರೊಟ್ಟಿ ತೆಗೆದು, ಮುರಿದು, ಒಂದು ಚೂರು ನನ್ನ ಕಡೆ ಚಾಚಿದಳು. ಇದು ತಿನ್ನುವ ವಸ್ತುವೇ ಆದರೆ ನೀನು ತಿಂದು ತೋರಿಸು, ಚೆನ್ನಾಗಿ ಉಳಿದ ಪೆಟ್ಟಿಗೆಗಳ ಬಗ್ಗೆ ಮೇಲಿನವರಲ್ಲಿ ಕೇಳಿ ನೋಡುತ್ತೇನೆ ಎಂದಳು. ನನಗೆ ಸಹಾಯ ಮಾಡಲೆಂದೇ ಹೇಳಿದಳು, ಅದು ಅವಳ ಮುಖದಲ್ಲೇ ಕಾಣುತ್ತಿತ್ತು.

ನನಗೆ ಹಸಿವಾಗಿತ್ತು. ಹಿಂದಿನ ದಿನದಿಂದ ಬಿಸ್ಕೀಟು ಬಿಟ್ಟು ಏನೂ ತಿಂದಿರಲಿಲ್ಲ. ಜೋಳದ ವಾಸನೆ ಮೂಗಿಗೆ ಬಡಿಯುತ್ತಿತ್ತು. ಸಾಲಿನಲ್ಲಿದ್ದವರೆಲ್ಲ ನನ್ನನ್ನೇ ನೋಡುತ್ತಿದ್ದರು. ನಾವು ಇಂಥದ್ದನ್ನು ತಿನ್ನುವುದಿಲ್ಲ ಎಂದೆ.

ಇದನ್ನು ಅವ್ವನಿಗೆ ಓದಿ ಹೇಳಬೇಡಿ. ಫೋನು ಸರಿಯಾಗಿ ಬಹಳ ದಿನವಾಗಿದೆ. ಇವತ್ತು ನಿಮ್ಮ ಸಂಜೆಗೆ ಅವಳನ್ನು ಹತ್ತಿರ ಕೂಡಿಸಿಕೊಳ್ಳಿ, ನಾನೇ ಹೇಳುತ್ತೇನೆ.

ನೀತಾ